ನಿಹಾಲ್ ಸರಿನ್: ಲೇತಿನ ವೇಗ, ಉಳಿಯ ತಾಳ್ಮೆ

ಆಫೀಸಿನ ಊಟದ ಟೇಬಲ್ಲಿನಲ್ಲಿ ಚೆಸ್ ವಿಷಯ ಬಂತು ಅಂದ್ರೆ ನಿಹಾಲ್ ಸರಿನ್ ಹೆಸರು ಬರದೆ ಇರೋದಿಲ್ಲ. ಹೆಸರಿನ ಹಿಂದೆಯೇ ಎರಡು ಮಾತೂ ಬರುತ್ತವೆ. ಒಂದು, "ಅವನು ಆನ್‌ಲೈನ್‌ನಲ್ಲಿ ಹುಲಿ ಕಣೋ, ಎದುರಿಗೆ ಬೋರ್ಡ್ ಇಟ್ಟು ಕೂರಿಸಿದ್ರೆ ಅಷ್ಟಕ್ಕಷ್ಟೆ." ಇನ್ನೊಂದು, "ಗುಕೇಶ್ ವಿಶ್ವ ಚಾಂಪಿಯನ್ ಆದ, ಪ್ರಜ್ಞಾನಂದ ಕ್ಯಾಂಡಿಡೇಟ್ಸ್ ಆಡಿದ, ಅರ್ಜುನ್ 2800 ಮುಟ್ಟಿದ. ಇವನು ಮಾತ್ರ ಕಂಪ್ಯೂಟರ್ ಗೇಮ್ ಆಡ್ಕೊಂಡು ಉಳಿದ." ಎರಡನ್ನೂ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡ್ತೀನಿ, ನಾನು ಚೆಸ್ ಪಂಡಿತ ಅಲ್ಲ. ಹಗಲು ಬೇರೆಯವರು ಬರೆದ ಕೋಡಿನಲ್ಲಿ ಬಗ್ ಹುಡುಕೋದು, ರಾತ್ರಿ ಗ್ರ್ಯಾಂಡ್‌ಮಾಸ್ಟರುಗಳ ಆಟದಲ್ಲಿ ಬಗ್ ಹುಡುಕೋದು. ಎರಡನೆಯದಕ್ಕೆ ಸಂಬಳ ಇಲ್ಲ ಅಷ್ಟೆ :-) ನಿಹಾಲ್ ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಅಭಿಮಾನದಿಂದಲೇ ಏಕವಚನದಲ್ಲಿ ಬರೀತಿದ್ದೀನಿ, ಯಾರೂ ತಪ್ಪು ತಿಳೀಬೇಡಿ.

ನನ್ನ ವಾದ ಇಷ್ಟೆ. ವೇಗದ ಚೆಸ್ ಅಂದ್ರೆ ಹಗುರವಾದ ಚೆಸ್ ಅಲ್ಲ. ನಿಹಾಲ್‌ನ ವೇಗ ವರ್ಷಗಟ್ಟಲೆ ದುಡಿದು ಸಂಪಾದಿಸಿದ ವಿದ್ಯೆ. ಅವನಿಗೆ ಪ್ರತಿಭೆ ಕಮ್ಮಿ ಇಲ್ಲ. ಆ ವೇಗವನ್ನು ಯಾವಾಗ ನಿಲ್ಲಿಸಬೇಕು ಅನ್ನೋ ಪ್ರಶ್ನೆಗೆ ಮಾತ್ರ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಮತ್ತೆ ಇದು ಅವನೊಬ್ಬನ ಪ್ರಶ್ನೆಯಲ್ಲ. ಇವತ್ತು ಫೋನಿನಲ್ಲಿ ಚೆಸ್ ಕಲೀತಿರೋ ಪ್ರತಿಯೊಂದು ಮಗುವಿನ ಪ್ರಶ್ನೆ, ನಮ್ಮ ದೊಡ್ಡಮಳೂರಿನ ಮಕ್ಕಳದ್ದೂ ಸೇರಿ.

ಯಾರು ಈ ಹುಡುಗ

ಗೊತ್ತಿಲ್ಲದವರಿಗಾಗಿ ಚುಟುಕಾಗಿ. ನಿಹಾಲ್ ಹುಟ್ಟಿದ್ದು 2004ರ ಜುಲೈ 13ರಂದು, ಪಕ್ಕದ ಕೇರಳದ ತ್ರಿಶೂರಿನಲ್ಲಿ. ತಂದೆ ತಾಯಿ ಇಬ್ಬರೂ ವೈದ್ಯರು. ರಜೆಯಲ್ಲಿ ಹುಡುಗನ ತಂಟೆ ತಡೆಯೋಕೆ ಅಂತ ಚೆಸ್ ಹೇಳಿಕೊಟ್ಟವರು ಅಜ್ಜ. ನಮ್ಮನೆಗಳಲ್ಲಿ ಚೌಕಾಬಾರ, ಅಳಗುಳಿಮಣೆ ಹೇಳಿಕೊಡ್ತಾರಲ್ಲ, ಹಾಗೆ. 2014ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 10 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದ. 2018ರಲ್ಲಿ 14ನೇ ವಯಸ್ಸಿಗೆ ಭಾರತದ 53ನೇ ಗ್ರ್ಯಾಂಡ್‌ಮಾಸ್ಟರ್. ಮರುವರ್ಷ, ಇನ್ನೂ 14 ದಾಟುವ ಮುಂಚೆಯೇ, 2600 ರೇಟಿಂಗ್ ದಾಟಿದ. ಅವನ ಬೆಳವಣಿಗೆಯ ವರ್ಷಗಳಲ್ಲಿ ಬೆನ್ನಿಗೆ ನಿಂತ ಪ್ರಾಯೋಜಕರಲ್ಲಿ ನಮ್ಮ ತಿಪಟೂರು ಕಡೆಯ ಹಾಲಿನ ಕಂಪನಿ ಅಕ್ಷಯಕಲ್ಪವೂ ಇತ್ತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಇನ್ನೊಂದು ವಿಷಯ. ಜನ 'ಆನ್‌ಲೈನ್ ಗ್ರ್ಯಾಂಡ್‌ಮಾಸ್ಟರ್' ಅಂತಾರೆ. ಹಾಗಂತ ಒಂದು ಪದವಿಯೇ ಇಲ್ಲ ಸ್ವಾಮಿ. ಗ್ರ್ಯಾಂಡ್‌ಮಾಸ್ಟರ್ ಆಗೋಕೆ 2500 ರೇಟಿಂಗ್ ಮುಟ್ಟಬೇಕು, ಮೂರು ನಾರ್ಮ್ ಗಳಿಸಬೇಕು. ಎಲ್ಲವೂ ಎದುರಿಗೆ ಮನುಷ್ಯ ಕೂತು, ಗಂಟೆಗಟ್ಟಲೆ ಆಡಿದ ಆಟಗಳಿಂದಲೇ ಬರಬೇಕು. ನಿಹಾಲ್‌ಗೂ ಹಾಗೇ ಬಂದಿದ್ದು. ಇಂಟರ್ನೆಟ್ ಅವನಿಗೆ ಪದವಿ ಕೊಡಲಿಲ್ಲ, ಹೆಸರು ಕೊಟ್ಟಿತು.

ಆ ಹೆಸರು ಸುಮ್ಮನೆ ಬರಲಿಲ್ಲ. 2020ರಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಚೆಸ್ ಪೂರ್ತಿಯಾಗಿ ಇಂಟರ್ನೆಟ್ಟಿಗೆ ಹೋಯ್ತು. ಆ ವರ್ಷ ಚೆಸ್.ಕಾಮ್ ನಡೆಸಿದ ಜೂನಿಯರ್ ಸ್ಪೀಡ್ ಚೆಸ್ ಚಾಂಪಿಯನ್‌ಶಿಪ್ಪಿನ ಫೈನಲ್ಲಿನಲ್ಲಿ ರಷ್ಯಾದ ಅಲೆಕ್ಸಿ ಸರಾನಾನನ್ನು 18-7ರಿಂದ ಸೋಲಿಸಿದ. ಹದಿನೆಂಟು ಏಳು! ಕಬಡ್ಡಿ ಸ್ಕೋರ್ ಇದ್ದ ಹಾಗಿದೆ. 2021ರಲ್ಲಿ ಮತ್ತೆ ಅದೇ ಪ್ರಶಸ್ತಿ.

ಮೂರು ಸೆಕೆಂಡಿನ ಲೆಕ್ಕ

ವೇಗದ ಆಟ ಎಂಥದ್ದು ಅಂತ ಅಂದಾಜು ಸಿಗದೆ ಅವನ ಆಟ ಅರ್ಥ ಆಗೋದಿಲ್ಲ. ದೊಡ್ಡ ಕ್ಲಾಸಿಕಲ್ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಮೊದಲ 40 ನಡೆಗೆ 90 ನಿಮಿಷ, ಆಮೇಲೆ 30 ನಿಮಿಷ, ಜೊತೆಗೆ ನಡೆಗೆ 30 ಸೆಕೆಂಡು. ಒಂದು ಆಟ ನಾಲ್ಕೈದು ಗಂಟೆ ಎಳೆಯೋದು ಮಾಮೂಲು. ಬ್ಲಿಟ್ಜ್ ಅಂದ್ರೆ ಇಡೀ ಆಟಕ್ಕೆ ಮೂರೋ ಐದೋ ನಿಮಿಷ. ಬುಲೆಟ್ ಅಂದ್ರೆ ಒಂದೇ ನಿಮಿಷ.

ಮೂರು ನಿಮಿಷದಲ್ಲಿ 60 ನಡೆ ಆಡಬೇಕು ಅಂದ್ರೆ ನಡೆಗೆ ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಎದುರಾಳಿ ಏನು ಆಡಿದ ಅಂತ ನೋಡಬೇಕು, ಯಾಕೆ ಆಡಿದ ಅಂತ ತಿಳೀಬೇಕು, ನಮ್ಮ ನಡೆ ಆರಿಸಬೇಕು, ಮೌಸ್ ಎಳೆದು ಸರಿಯಾದ ಮನೆಯಲ್ಲೇ ಬಿಡಬೇಕು. ಪೇದೆ ಒಂದು ಮನೆ ಆಚೆ ಬಿತ್ತೋ, ಕಥೆ ಮುಗೀತು.

ಇದರ ಮೇಲೆ 'ಪ್ರೀಮೂವ್' ಅಂತ ಒಂದಿದೆ. ಎದುರಾಳಿ ಇನ್ನೂ ಯೋಚಿಸ್ತಿರುವಾಗಲೇ ನಮ್ಮ ಮುಂದಿನ ನಡೆ ಹಾಕಿಟ್ಟುಬಿಡೋದು. ಅವನು ಆಡಿದ ತಕ್ಷಣ ನಮ್ಮದು ತಾನಾಗೇ ಬೀಳುತ್ತೆ. ಚೆಸ್.ಕಾಮ್‌ನಲ್ಲಿ ಇದಕ್ಕೆ ಗಡಿಯಾರದಿಂದ 0.1 ಸೆಕೆಂಡು ಕಳೀತಾರೆ, ಲಿಚೆಸ್‌ನಲ್ಲಿ ಅದೂ ಇಲ್ಲ. ನಮ್ಮ ಕಸುಬಿನವರಿಗೆ ಇದು ಹಳೇ ಪರಿಚಯ. ಪ್ರೊಸೆಸರ್ ಮುಂದೆ ಯಾವ ದಾರಿ ಹಿಡೀಬೇಕಾಗುತ್ತೆ ಅಂತ ಊಹಿಸಿ ಮೊದಲೇ ಕೆಲಸ ಶುರು ಮಾಡುತ್ತಲ್ಲ, ಅದೇ. ಊಹೆ ಸರಿಯಾದ್ರೆ ಸಮಯ ಲಾಭ. ಪ್ರೊಸೆಸರಿನ ಊಹೆ ತಪ್ಪಿದ್ರೆ ಮಾಡಿದ್ದನ್ನು ಬಿಸಾಕಿ ಮತ್ತೆ ಶುರು ಮಾಡಬಹುದು. ಚೆಸ್ಸಿನಲ್ಲಿ ಮಂತ್ರಿಯೇ ಹೋಗುತ್ತೆ.

ಅವನ ಬಲ ಎಲ್ಲಿದೆ

ನಿಹಾಲ್ ಬ್ಲಿಟ್ಜ್ ಆಟಗಳನ್ನು ನೋಡುವಾಗ ಮೊದಲು ಆಶ್ಚರ್ಯ ಆಗೋದು ಬೇರೆ ಕಾರಣಕ್ಕೆ. ಇಷ್ಟು ವೇಗವಾಗಿ ಆಡೋನ ಆಟ ಪಟಾಕಿ ಹಾಗೆ ಇರಬೇಕಿತ್ತು. ಕುದುರೆ ಬಲಿ ಕೊಟ್ಟು, ಒಂಟೆ ಬಲಿ ಕೊಟ್ಟು, ರಾಜನ ಮೇಲೆ ದಾಳಿ... ಅಂಥದ್ದೇನೂ ಅಷ್ಟಾಗಿ ಕಾಣಲ್ಲ. ಅವನ ಆಟ ಶಾಂತ. ಕಾಯಿಗಳು ಒಂದಕ್ಕೊಂದು ಕಾವಲು ನಿಂತಿರುತ್ತವೆ. ಬ್ಲಿಟ್ಜ್‌ನಲ್ಲಿ ಆಟ ಸೋಲೋದು ಬಹುತೇಕ ಕಾವಲಿಲ್ಲದೆ ಒಂಟಿ ನಿಂತ ಕಾಯಿಯಿಂದ. ಗಡಿಬಿಡಿಯಲ್ಲಿ ಅದು ಕಣ್ತಪ್ಪುತ್ತೆ, ಎದುರಾಳಿಗೆ ಪುಕ್ಕಟೆ ಸಿಗುತ್ತೆ. ಆ ಪುಕ್ಕಟೆ ಊಟ ನಿಹಾಲ್ ಮನೆಯಲ್ಲಿ ಸಿಗೋದು ಅಪರೂಪ. ಇದು ಮೊದಲನೆಯ ಬಲ.

ಎರಡನೆಯದು, ಕಣ್ಣಿನ ನೆನಪು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅನ್ನೋ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿದ್ರೆ ಪಳಗಿದ ಆಟಗಾರ ಹೆಚ್ಚೂ ಕಮ್ಮಿ ಇಡೀ ಬೋರ್ಡನ್ನು ಮತ್ತೆ ಜೋಡಿಸ್ತಾನೆ, ಹೊಸಬ ನಾಲ್ಕೈದು ಕಾಯಿಗೆ ಸುಸ್ತಾಗ್ತಾನೆ. ಆದ್ರೆ ಅದೇ ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದ್ರೆ ಇಬ್ಬರ ನಡುವೆ ಅಂಥ ವ್ಯತ್ಯಾಸವೇ ಇಲ್ಲ! ಅಂದ್ರೆ ಪಳಗಿದವನ ತಲೆಯಲ್ಲಿ ಇರೋದು ದೊಡ್ಡ ಮೆಮೊರಿ ಕಾರ್ಡ್ ಅಲ್ಲ, ಅರ್ಥವಿರುವ ಚಿತ್ರಗಳ ಭಂಡಾರ. ಕನ್ನಡ ಓದೋರು 'ದೊಡ್ಡಮಳೂರು' ಅನ್ನೋದನ್ನ ದ ಒತ್ತು ಡ ಅಂತ ಬಿಡಿಸಿ ಓದ್ತಾರಾ? ಒಂದೇ ಏಟಿಗೆ ಊರೇ ಕಣ್ಣಿಗೆ ಬರುತ್ತೆ. ನಿಹಾಲ್ ಬೋರ್ಡ್ ಓದೋದು ಹಾಗೆ. ಸಾವಿರಾರು ವೇಗದ ಆಟಗಳು ಅವನಿಗೆ ಆ ಓದನ್ನು ಕೊಟ್ಟಿವೆ. ಇದನ್ನು ಟೈಮ್‌ಪಾಸ್ ಅನ್ನೋರಿಗೆ ನಾನು ಹೇಳೋದು, ಸಂಗೀತಗಾರ ದಿನಾ ಸರಳೆ ವರಸೆ ಹಾಡೋದೂ ಟೈಮ್‌ಪಾಸೇ ಹಾಗಾದ್ರೆ.

ಮೂರನೆಯದು, ಅಂತ್ಯದ ಆಟ. ಬೋರ್ಡ್ ಮೇಲೆ ಎರಡು ರಾಜ, ಎರಡು ಆನೆ, ಅಲ್ಲೊಂದು ಇಲ್ಲೊಂದು ಪೇದೆ. ಗಡಿಯಾರದಲ್ಲಿ ಹತ್ತು ಸೆಕೆಂಡು. ನಮ್ಮಂಥವರಿಗೆ ಕೈ ನಡುಗೋ ಜಾಗ ಇದು. ಅವನ ನಿಜವಾದ ಆಟ ಶುರುವಾಗೋದೇ ಇಲ್ಲಿ. ಆನೆ-ಪೇದೆ ಅಂತ್ಯಗಳಲ್ಲಿ ಯಾವುದು ಗೆಲುವು, ಯಾವುದು ಡ್ರಾ ಅನ್ನೋದಕ್ಕೆ ನೂರಾರು ವರ್ಷಗಳಿಂದ ಬಂದ ಸಿದ್ಧ ಪಾಠಗಳಿವೆ. ಅವು ಮಗ್ಗಿ ಹಾಗೆ ಬಾಯಿಗೆ ಬಂದಿದ್ರೆ ಲೆಕ್ಕ ಹಾಕೋ ಅಗತ್ಯವೇ ಇಲ್ಲ. ಎದುರಾಳಿ ಡ್ರಾ ಅಂದುಕೊಂಡು ಉಸಿರು ಬಿಡ್ತಾನೆ, ನಿಹಾಲ್ ಇನ್ನೂ ಮೂವತ್ತು ನಡೆ ಆಡಿಸ್ತಾನೆ. ಹನಿ ಹನಿ ಹಿಂಡಿ ಗೆಲ್ಲೋ ಈ ಗುಣ ಕಾರ್ಲ್‌ಸನ್‌ನಲ್ಲಿ ಇದೆ. ವೇಗದ ಆಟದಲ್ಲಿ ಅದು ಇರೋ ಕೆಲವೇ ಕೆಲವರಲ್ಲಿ ಇವನೊಬ್ಬ ಅಂತ ನನ್ನ ಲೆಕ್ಕ.

ನಾಲ್ಕನೆಯದು, ಮುಖ. ಗೆದ್ದರೂ ಅದೇ, ಸೋತರೂ ಅದೇ. ಗಂಟೆಗಟ್ಟಲೆ ನಡೆಯೋ ಸ್ಪೀಡ್ ಚೆಸ್ ಪಂದ್ಯದಲ್ಲಿ ಒಂದು ಆಟ ಸೋತು ಸಿಟ್ಟು ಬಂದರೆ ಮುಂದಿನ ಮೂರು ಆಟ ಸೋತ ಹಾಗೇ. ಅವನಿಗೆ ಆ ಸಿಟ್ಟು ಒಳಗೆ ಬರುತ್ತೋ ಏನೋ, ಕೈಗೆ ಮಾತ್ರ ಇಳಿಯೋದಿಲ್ಲ.

"ಆನ್‌ಲೈನ್ ಅಂದ್ರೆ ಮೋಸ" ಅನ್ನೋರಿಗೆ

ಈ ಮಾತಿಗೂ ಕಾರಣ ಇದೆ, ಇಲ್ಲ ಅನ್ನಲ್ಲ. 2021ರ ಜೂನ್‌ನಲ್ಲಿ ಅಕ್ಷಯಪಾತ್ರೆಗೆ ಹಣ ಸೇರಿಸೋಕೆ ವಿಶ್ವನಾಥನ್ ಆನಂದ್ ಪ್ರಸಿದ್ಧರ ಜೊತೆ ಆನ್‌ಲೈನ್‌ನಲ್ಲಿ ಆಡಿದ್ದು ನೆನಪಿರಬಹುದು. ನಮ್ಮ ಕಿಚ್ಚ ಸುದೀಪ್ ಕೂಡ ಆಡಿದ್ದರು. ಅಲ್ಲಿ ಆನಂದ್ ವಿರುದ್ಧ ಗೆದ್ದ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್, ಕಂಪ್ಯೂಟರ್ ಮತ್ತು ಬೇರೆಯವರ ನೆರವು ಪಡೆದಿದ್ದನ್ನು ಮರುದಿನ ತಾವೇ ಒಪ್ಪಿಕೊಂಡರು. ಐದು ಬಾರಿ ವಿಶ್ವ ಚಾಂಪಿಯನ್ ಆದವರನ್ನೂ ಸೋಲಿಸೋ ತಂತ್ರಾಂಶ ಇವತ್ತು ಪ್ರತಿಯೊಬ್ಬರ ಜೇಬಿನಲ್ಲಿದೆ. ಹಾಗಾಗಿ ಅನುಮಾನ ಸಹಜ.

ಇದಕ್ಕೆ ನಿಹಾಲ್ ಕೊಟ್ಟ ಉತ್ತರ ಬೋರ್ಡ್ ಮೇಲಿದೆ. 2021ರಲ್ಲಿ ಸರ್ಬಿಯಾದಲ್ಲಿ ಬೆನ್ನು ಬೆನ್ನಿಗೆ ಎರಡು ಕ್ಲಾಸಿಕಲ್ ಓಪನ್ ಟೂರ್ನಿ ಗೆದ್ದ. 2022ರಲ್ಲಿ ಚೆನ್ನೈ ಪಕ್ಕದ ಮಾಮಲ್ಲಪುರದಲ್ಲಿ ನಡೆದ ಒಲಿಂಪಿಯಾಡ್‌ನಲ್ಲಿ ಭಾರತದ ಎರಡನೇ ತಂಡ ಕಂಚು ಗೆದ್ದಿತಲ್ಲ, ಅದರಲ್ಲಿ ಎರಡನೇ ಬೋರ್ಡ್ ಇವನದು. 10 ಆಟದಲ್ಲಿ 7.5 ಅಂಕ, ಆ ಬೋರ್ಡಿನ ವೈಯಕ್ತಿಕ ಚಿನ್ನ. ಅದೇ ವರ್ಷದ ಕೊನೆಗೆ ಕೋಲ್ಕತಾದ ಟಾಟಾ ಸ್ಟೀಲ್ ರ‍್ಯಾಪಿಡ್ ಪ್ರಶಸ್ತಿ. ಎದುರಿಗೆ ಮನುಷ್ಯರು, ಸುತ್ತ ಕ್ಯಾಮೆರಾ, ಮೌಸೂ ಇಲ್ಲ ಪ್ರೀಮೂವೂ ಇಲ್ಲ. "ಬೋರ್ಡ್ ಮುಂದೆ ಅಷ್ಟಕ್ಕಷ್ಟೆ" ಅನ್ನೋ ನನ್ನ ಗೆಳೆಯರಿಗೆ ಇಷ್ಟು ಸಾಕು ಅಂದ್ಕೋತೀನಿ.

ಇನ್ನು ಆನ್‌ಲೈನ್ ಅವನಿಗೆ ಬರೀ ಹೂವಿನ ಹಾಸಿಗೆಯೂ ಆಗಿರಲಿಲ್ಲ. 2020ರ ಆಗಸ್ಟ್ 30ರಂದು ಆನ್‌ಲೈನ್ ಒಲಿಂಪಿಯಾಡ್ ಫೈನಲ್, ರಷ್ಯಾ ವಿರುದ್ಧ. ಎರಡನೇ ಸುತ್ತಿನಲ್ಲಿ ನಿಹಾಲ್ ಮತ್ತು ದಿವ್ಯಾ ದೇಶಮುಖ್ ಇಬ್ಬರದ್ದೂ ಸಂಪರ್ಕ ಕಡಿದು ಸಮಯ ಮೀರಿ ಸೋಲು ಅಂತ ಬಂತು. ಆ ದಿನ ಜಗತ್ತಿನ ಹಲವು ಕಡೆ ಇಂಟರ್ನೆಟ್ಟೇ ಮಲಗಿತ್ತು. ಭಾರತ ಮನವಿ ಸಲ್ಲಿಸಿತು, ಕೊನೆಗೆ ಫಿಡೆ ಎರಡೂ ದೇಶಕ್ಕೆ ಚಿನ್ನ ಹಂಚಿತು. ಸರ್ವರ್ ಬಿದ್ದಾಗ ರಾತ್ರಿ ಎರಡು ಗಂಟೆಗೆ ಫೋನ್ ಬರೋ ನಮ್ಮಂಥವರಿಗೆ ಆ ಹುಡುಗರ ಮುಖ ನೋಡಿ ಹೊಟ್ಟೆ ಚುರುಕ್ ಅಂದಿತ್ತು.

ಹಾಗಾದ್ರೆ ಎಲ್ಲಿ ಸಾಲದು

ಈಗ ಕಹಿ ಮಾತು. 2018ರಿಂದ 2019ರ ಜನವರಿ ಒಳಗೆ ಭಾರತಕ್ಕೆ ನಾಲ್ಕು ಹುಡುಗರು ಗ್ರ್ಯಾಂಡ್‌ಮಾಸ್ಟರ್ ಆಗಿ ಸಿಕ್ಕರು. ಪ್ರಜ್ಞಾನಂದ, ನಿಹಾಲ್, ಅರ್ಜುನ್ ಎರಿಗೈಸಿ, ಗುಕೇಶ್. ಆ ಕಾಲದಲ್ಲಿ ನಿಹಾಲ್‌ನನ್ನು ನಾಲ್ವರಲ್ಲಿ ಮುಂದೆ ಇಟ್ಟವರೂ ಇದ್ದರು. 2024ರ ಹೊತ್ತಿಗೆ ಮಿಕ್ಕ ಮೂವರೂ 2750 ದಾಟಿ ಹೋದರು. ಆ ವರ್ಷ ಬುಡಾಪೆಸ್ಟ್‌ನಲ್ಲಿ ಭಾರತ ಒಲಿಂಪಿಯಾಡ್ ಚಿನ್ನ ಗೆದ್ದಾಗ ಆ ಮೂವರೂ ತಂಡದಲ್ಲಿದ್ದರು, ನಿಹಾಲ್ ಇರಲಿಲ್ಲ. ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಯಾಕೆ ಹೀಗಾಯ್ತು?

ನನಗೆ ಕಂಡ ಮೊದಲ ಕಾರಣ ಗಣಿತ. ಮೇಲಿನ ಮಟ್ಟದ ಆಹ್ವಾನಿತ ಟೂರ್ನಿಗಳಿಗೆ ಕರೆ ಬರಬೇಕು ಅಂದ್ರೆ ರೇಟಿಂಗ್ ಏರಬೇಕು. ಏರಿಸೋಕೆ ಓಪನ್ ಟೂರ್ನಿ ಆಡಬೇಕು. ಅಲ್ಲಿ 2700ರ ಆಟಗಾರನಿಗೆ 2500ರ ಎದುರಾಳಿ ಸಿಗ್ತಾನೆ. ಗೆದ್ದರೆ ಸಿಗೋದು 2.4 ಅಂಕ, ಡ್ರಾ ಆದರೆ ಹೋಗೋದು 2.6. ಅಂದ್ರೆ ಒಂದು ಡ್ರಾ ಒಂದು ಗೆಲುವನ್ನು ನುಂಗಿ ಇನ್ನಷ್ಟು ಕೇಳುತ್ತೆ. ನಿಹಾಲ್‌ನ ಶಾಂತ, ಗಟ್ಟಿ, ಸೋಲದ ಆಟಕ್ಕೆ ಈ ಲೆಕ್ಕ ತುಂಬಾ ಕ್ರೂರಿ. ಮೂರು ನಿಮಿಷದ ಆಟದಲ್ಲಿ ಸಮ ಸ್ಥಿತಿ ಇಟ್ಟುಕೊಂಡು ಕೂತರೆ ಎದುರಾಳಿಯ ಗಡಿಯಾರವೇ ನಿಮಗೆ ಸಹಾಯ ಮಾಡುತ್ತೆ. ಐದು ಗಂಟೆಯ ಆಟದಲ್ಲಿ ಗಡಿಯಾರ ಅಂಥ ಉಪಕಾರ ಮಾಡಲ್ಲ. 2500ರವನಿಗೂ ಸರಿಯಾದ ನಡೆ ಹುಡುಕೋಕೆ ಇಪ್ಪತ್ತು ನಿಮಿಷ ಇರುತ್ತೆ. ಅಲ್ಲಿ ಗೆಲ್ಲಬೇಕಾದರೆ ಸ್ಥಿತಿಯನ್ನು ಕದಡಬೇಕು, ಸೋಲಬಹುದು ಅನ್ನೋ ಕಡೆಗೆ ಒಂದು ಹೆಜ್ಜೆ ಇಡಬೇಕು. ಅರ್ಜುನ್ ಓಪನ್ ಟೂರ್ನಿಗಳಲ್ಲಿ ಮಾಡಿದ್ದು ಅದನ್ನೇ. ಕಪ್ಪು ಕಾಯಿಯಲ್ಲೂ ಗೆಲ್ಲೋಕೇ ಆಡಿದ. ನಿಹಾಲ್‌ಗೆ ಆ ಹೆಜ್ಜೆ ಇಡೋಕೆ ಮನಸ್ಸು ಅಷ್ಟು ಬೇಗ ಒಪ್ಪಲ್ಲ ಅಂತ ಅವನ ಆಟ ನೋಡಿದ್ರೆ ಅನ್ಸುತ್ತೆ.

ಎರಡನೆಯದು ಇನ್ನೂ ಆಳದ್ದು. ಕಣ್ಣಿಗೆ ತಕ್ಷಣ ಉತ್ತರ ಹೊಳೆಯೋನಿಗೆ, ಆ ಉತ್ತರವನ್ನು ಅನುಮಾನಿಸೋ ಅಭ್ಯಾಸ ಕಷ್ಟ. ಹತ್ತರಲ್ಲಿ ಒಂಬತ್ತು ಸಲ ಹೊಳೆದದ್ದೇ ಸರಿ. ಕ್ಲಾಸಿಕಲ್ ಆಟದ ಹಣೆಬರಹ ನಿರ್ಧಾರ ಆಗೋದು ಆ ಹತ್ತನೆಯ ಸಲದಲ್ಲಿ. ನಮ್ಮಲ್ಲಿ ಸಿಸ್ಟಮ್ ವೇಗವಾಗಿ ಓಡಲಿ ಅಂತ ಹಳೇ ಉತ್ತರಗಳನ್ನ ಕ್ಯಾಶ್‌ನಲ್ಲಿ ಇಟ್ಟಿರ್ತೀವಿ. ಪ್ರಶ್ನೆ ಬಂತು, ಅಲ್ಲಿಂದಲೇ ಉತ್ತರ ಕೊಟ್ಟಾಯ್ತು. ಒಳಗೆ ಡೇಟಾ ಬದಲಾಗಿದೆ ಅಂತ ಗೊತ್ತಾಗದ ದಿನ ಅದೇ ವೇಗ ತಪ್ಪು ಉತ್ತರವನ್ನೂ ಅಷ್ಟೇ ಬೇಗ ಕೊಡುತ್ತೆ. "ಈ ಸಲ ಕ್ಯಾಶ್ ಬೇಡ, ಮೊದಲಿಂದ ಲೆಕ್ಕ ಹಾಕು" ಅಂತ ಯಾವಾಗ ಹೇಳಬೇಕು ಅನ್ನೋದೇ ವಿದ್ಯೆ.

ಗುಕೇಶ್ ಬಂದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅವನ ಕೋಚ್ ವಿಷ್ಣು ಪ್ರಸನ್ನ, ಸುಮಾರು 2500 ರೇಟಿಂಗ್ ತನಕ ಅವನನ್ನು ಕಂಪ್ಯೂಟರ್ ಎಂಜಿನ್ ಹತ್ತಿರ ಬಿಡಲಿಲ್ಲ. ಎಲ್ಲ ಲೆಕ್ಕ ತಲೆಯಲ್ಲೇ. ಬ್ಲಿಟ್ಜ್‌ನಲ್ಲಿ ಗುಕೇಶ್ ಇವತ್ತಿಗೂ ಅಂಥ ಭಯ ಹುಟ್ಟಿಸೋ ಆಟಗಾರ ಅಲ್ಲ. ಆದ್ರೆ ಒಂದೇ ಸ್ಥಿತಿಯ ಮುಂದೆ ಕಣ್ಣು ಮುಚ್ಚಿ ನಲವತ್ತು ನಿಮಿಷ ಕೂರಬಲ್ಲ.

ಹಾಗಂತ "ಆನ್‌ಲೈನ್ ಆಡಿದ್ರೆ ಕ್ಲಾಸಿಕಲ್ ಹಾಳು" ಅನ್ನೋದನ್ನೂ ನಾನು ಒಪ್ಪಲ್ಲ. ಹಿಕಾರು ನಕಮುರಾ ದಿನವಿಡೀ ಇಂಟರ್ನೆಟ್ಟಿನಲ್ಲೇ ಇರೋ ಮನುಷ್ಯ, ಕ್ಲಾಸಿಕಲ್‌ನಲ್ಲಿ 2800 ದಾಟಿ ಜಗತ್ತಿನ ಎರಡನೇ ಸ್ಥಾನಕ್ಕೂ ಬಂದ. ಕಾರ್ಲ್‌ಸನ್ ಮೂರೂ ಬಗೆಯಲ್ಲಿ ವಿಶ್ವ ಚಾಂಪಿಯನ್ ಆದವನು. ಇನ್ನೊಂದು ಕಡೆ ಅಲಿರೇಜಾ ಫಿರೂಜಾ ಇದ್ದಾನೆ. 2022ರಲ್ಲಿ ಮ್ಯಾಡ್ರಿಡ್‌ನ ಕ್ಯಾಂಡಿಡೇಟ್ಸ್ ನಡುವೆಯೇ ರಾತ್ರಿಯಿಡೀ ಡ್ಯಾನಿಯಲ್ ನರೋಡಿಟ್ಸ್ಕಿ ಜೊತೆ ನೂರಾರು ಬುಲೆಟ್ ಆಟ ಆಡಿ, ಮರುದಿನ ನೆಪೊಮ್ನಿಯಾಚಿ ಮುಂದೆ ಕೂತು ಸೋತ. ವೇಗದ ಆಟ ಮೂವರಿಗೂ ಒಂದೇ. ಇಬ್ಬರಿಗೆ ಅದರ ಸ್ವಿಚ್ ಎಲ್ಲಿದೆ ಗೊತ್ತಿತ್ತು.

ನಿಹಾಲ್‌ಗೆ ಸಲಹೆ ಕೊಡೋಕೆ ನಾನ್ಯಾರು? ಶ್ರೀನಾಥ್ ನಾರಾಯಣನ್ ಅಂಥ ಕೋಚ್ ಜೊತೆ ಬೆಳೆದವನು. ಆದ್ರೂ ಅಭಿಮಾನಿಯಾಗಿ ಕೇಳೋದು ಎರಡೇ. ಒಂದು ಕ್ಲಾಸಿಕಲ್ ಆಟದಲ್ಲಿ ಮೂರು ಸಲವಾದ್ರೂ, ಉತ್ತರ ಹೊಳೆದ ಮೇಲೂ ಕೈ ಕಟ್ಟಿ ಕೂರು. ಮತ್ತೆ ತಿಂಗಳಿಗೆ ಒಂದು ಆಟವಾದ್ರೂ ಸೋಲೋ ಧೈರ್ಯ ಮಾಡಿ ಆಡು.

ಇದೆಲ್ಲ ನಮಗೇಕೆ?

ನಮ್ಮ ಅಕ್ಕನ ಮಗನಿಗೆ ಹನ್ನೆರಡು ವರ್ಷ, ದೊಡ್ಡಮಳೂರಿನಲ್ಲೇ ಇರ್ತಾನೆ. ಚೆಸ್ ಕಲಿತದ್ದು ಫೋನಿನಲ್ಲಿ. "ಮಾಮ, ಇವತ್ತು ನಲವತ್ತು ಬುಲೆಟ್ ಆಡಿದೆ" ಅಂತ ಖುಷಿಯಿಂದ ಹೇಳ್ತಾನೆ. ಹೋದ ಬೇಸಿಗೆಯಲ್ಲಿ ಮಕ್ಕಳ ಟೂರ್ನಿ ಒಂದಕ್ಕೆ ಕರ್ಕೊಂಡು ಹೋಗಿದ್ದೆ. ಒಬ್ಬೊಬ್ಬರಿಗೆ ಒಂದು ಗಂಟೆ ಸಮಯ. ಇವನು ಹತ್ತು ನಿಮಿಷಕ್ಕೆ ಆಚೆ ಬಂದ. "ಏನೋ, ಗೆದ್ಯಾ?" ಅಂದ್ರೆ, "ಇಲ್ಲ ಮಾಮ, ಮಂತ್ರಿ ಕೊಟ್ಟುಬಿಟ್ಟೆ." ಗಡಿಯಾರದಲ್ಲಿ ಐವತ್ತು ನಿಮಿಷ ಬಾಕಿ ಇತ್ತು! ಎದುರಿಗೆ ಕೂತಿದ್ದ ಹುಡುಗಿ ಪ್ರತಿ ನಡೆಗೂ ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿ ಆಡಿದ್ದಳು. ಇವನು ಅವಳ ನಡೆ ಮುಗಿಯೋಕೆ ಕಾಯ್ತಾ ಸೀಲಿಂಗ್ ಫ್ಯಾನ್ ನೋಡ್ತಿದ್ದನಂತೆ.

ಇದನ್ನು ನೋಡಿ ಫೋನ್ ಕಿತ್ತುಕೊಳ್ಳಿ ಅಂತ ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಯಾಕಂದ್ರೆ ಫೋನ್ ಇಲ್ಲದಿದ್ರೆ ಅವನಿಗೆ ಚೆಸ್ಸೇ ಇರ್ತಿರಲಿಲ್ಲ. ಲೆಕ್ಕ ನೋಡಿ. ಭಾರತದಲ್ಲಿ ಗ್ರ್ಯಾಂಡ್‌ಮಾಸ್ಟರುಗಳ ಸಂಖ್ಯೆ 85 ದಾಟಿದೆ. ತಮಿಳುನಾಡು ಒಂದರಲ್ಲೇ ಮೂವತ್ತಕ್ಕೂ ಹೆಚ್ಚು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಆಮೇಲೆ ಶಿವಮೊಗ್ಗದ ಸ್ಟ್ಯಾನಿ, ಮೈಸೂರಿನವರೇ ಆದ ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್. ಚದುರಂಗದ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ಕುದುರೆಯ ನಡೆಯ ಮೇಲೆ ತಲೆ ಕೆಡಿಸಿಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ್ ಆಳಿದ ನಾಡಿಗೆ ಇದು ಕಮ್ಮಿಯೇ. ಕೋಚ್ ಬೇಕು ಅಂದ್ರೆ ಹಳ್ಳಿ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಬಸ್ ಹತ್ತಬೇಕು. ನಿಹಾಲ್‌ನ ತ್ರಿಶೂರು ಜಿಲ್ಲೆಯಲ್ಲಿ ಮರೋಟ್ಟಿಚ್ಚಾಲ್ ಅಂತ ಒಂದು ಹಳ್ಳಿ ಇದೆ. ಅಲ್ಲಿ ಟೀ ಅಂಗಡಿಯಲ್ಲೂ ಬಸ್ ಸ್ಟ್ಯಾಂಡಿನಲ್ಲೂ ಜನ ಚೆಸ್ ಆಡ್ತಾರೆ, ಒಂದು ಕಾಲದಲ್ಲಿ ಊರಿಗೆ ಹಿಡಿದಿದ್ದ ಕುಡಿತದ ಚಟವನ್ನೇ ಚೆಸ್ಸಿನಿಂದ ಬಿಡಿಸಿದ ಊರು ಅಂತ ಹೆಸರು. ನಮ್ಮ ಕಡೆ ಅಂಥದ್ದಿಲ್ಲ. ಇಲ್ಲಿ ಮಕ್ಕಳಿಗೆ ಎದುರಾಳಿ ಸಿಗೋದು ಫೋನಿನಲ್ಲೇ.

ತಮಾಷೆ ನೋಡಿ, ಆಡೋರು ಕಮ್ಮಿ ಇದ್ರೂ ಕಾಯಿ ಮಾಡೋರು ನಮ್ಮಲ್ಲೇ ಇದ್ದಾರೆ. ದೊಡ್ಡಮಳೂರಿನಿಂದ ಮೂರ್ನಾಲ್ಕು ಕಿಲೋಮೀಟರಿನ ಚನ್ನಪಟ್ಟಣದಲ್ಲಿ ಗೊಂಬೆಗಳ ಜೊತೆ ಚೆಸ್ ಕಾಯಿಗಳನ್ನೂ ಕಡೆಯುತ್ತಾರೆ. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರೆ ಪೇದೆ ಕಣ್ಣು ಮಿಟುಕಿಸೋದರಲ್ಲಿ ಆಗುತ್ತೆ, ತಿರುಗುವಾಗಲೇ ಅರಗು ಒತ್ತಿದರೆ ಬಣ್ಣವೂ ಹತ್ತುತ್ತೆ. ಒಂಟೆ, ಮಂತ್ರಿ, ರಾಜ ಎಲ್ಲ ಗುಂಡಗಿನ ಕಾಯಿಗಳೇ, ಎಲ್ಲ ಲೇತಿನಿಂದಲೇ. ಆದ್ರೆ ಕುದುರೆಯ ತಲೆ ಬರಬೇಕಾದ್ರೆ ಲೇತಿಂದ ಆಗಲ್ಲ. ಅದು ಗುಂಡಗಿಲ್ಲವಲ್ಲ! ಯಂತ್ರ ನಿಲ್ಲಿಸಿ, ಕಾಯಿ ಕೈಗೆ ತಗೊಂಡು, ಕಿವಿ, ಮೂಗು, ಜೂಲು ಅಂತ ಕೂತು ಕೆತ್ತಬೇಕು. ಲೇತಿನ ಕೈವೇಗ ಇಲ್ಲದೋನು ಕುಶಲಕರ್ಮಿ ಅನ್ನಿಸಿಕೊಳ್ಳಲ್ಲ. ಲೇತ್ ನಿಲ್ಲಿಸೋದು ಗೊತ್ತಿಲ್ಲದೋನ ಸೆಟ್ಟಿಗೆ ಕುದುರೆ ಇರಲ್ಲ.

ಹಾಗಾಗಿ ಅಕ್ಕನ ಮಗನ ಜೊತೆ ಒಂದು ಒಪ್ಪಂದ ಮಾಡ್ಕೊಂಡಿದ್ದೀನಿ. ಬುಲೆಟ್ ವಾರಕ್ಕೊಂದು ದಿನ ಮಾತ್ರ. ದಿನಾ ಆಡೋದಾದ್ರೆ ಹತ್ತು ನಿಮಿಷದ ಆಟ, ಎರಡೇ. ಪ್ರತಿ ಆಟ ಮುಗಿದ ಮೇಲೆ ಎಂಜಿನ್ ತೆರೆಯೋ ಮುಂಚೆ ಎಲ್ಲಿ ತಪ್ಪಿದೆ ಅಂತ ತಾನೇ ಹುಡುಕಿ ನನಗೆ ಮೆಸೇಜ್ ಹಾಕಬೇಕು. ಭಾನುವಾರ ಮರದ ಬೋರ್ಡ್ ಮೇಲೆ ನಡೆಗಳನ್ನು ಬರೆದುಕೊಂಡು ಒಂದು ನಿಧಾನದ ಆಟ, ನಾನು ಊರಿಗೆ ಹೋದ್ರೆ ನನ್ನ ಜೊತೆ, ಇಲ್ಲದಿದ್ರೆ ಅವನ ತಾತನ ಜೊತೆ. ತಾತ ಒಂದು ನಡೆಗೆ ಒಂದು ಎಲೆ ಅಡಿಕೆ ಮುಗಿಸ್ತಾರೆ, ತಾಳ್ಮೆ ಕಲಿಯೋಕೆ ಅವರಿಗಿಂತ ಕೋಚ್ ಬೇಕಾ? :-) ಮೊದಲ ಎರಡು ವಾರ ಮುಖ ಊದಿಸ್ಕೊಂಡಿದ್ದ. ಮೂರನೇ ವಾರ "ಮಾಮ, ಹದಿನೇಳನೇ ನಡೇಲಿ ಆನೆ ಮುಂದೆ ತರಬೇಕಿತ್ತು ಅಲ್ವಾ" ಅಂತ ಮೆಸೇಜ್ ಬಂತು. ಅವನು ಹೇಳಿದ್ದೇ ಸರಿಯಾಗಿತ್ತು.

ಅಂದ ಹಾಗೆ, 2025ರಲ್ಲಿ ಚೆಸ್ ಮೊದಲ ಸಲ ರಿಯಾದ್‌ನ ಇಸ್ಪೋರ್ಟ್ಸ್ ವಿಶ್ವಕಪ್ಪಿಗೆ ಸೇರಿತು. ನಮ್ಮ ದೇಶದ ಎಸ್8ಯುಎಲ್ ಅನ್ನೋ ಗೇಮಿಂಗ್ ತಂಡ ನಿಹಾಲ್‌ನನ್ನು ಸೇರಿಸಿಕೊಂಡಿತು. ಅಲ್ಲಿಯ ಆಟ ಹತ್ತು ನಿಮಿಷದ್ದು, ಪರದೆ ಮೇಲೆ. ಅಂದ್ರೆ ಅವನಿಗೆ ಒಗ್ಗುವ ಆಟಕ್ಕೂ ಈಗ ದೊಡ್ಡ ವೇದಿಕೆ ಬಂದಿದೆ. ಟೆಸ್ಟ್ ಆಡದೋನು ಕ್ರಿಕೆಟಿಗನೇ ಅಲ್ಲ ಅಂತಿದ್ದ ಕಾಲವೂ ಇತ್ತಲ್ಲ, ಐಪಿಎಲ್ ಬಂದ ಮೇಲೆ ಆ ಮಾತು ಎಲ್ಲಿ ಹೋಯ್ತು? ಮುಂದೊಂದು ದಿನ ವೇಗದ ಚೆಸ್ಸಿನ ದೊಡ್ಡ ಹೆಸರುಗಳನ್ನು ಲೆಕ್ಕ ಹಾಕುವಾಗ ನಿಹಾಲ್ ಹೆಸರು ಮೊದಲ ಸಾಲಿನಲ್ಲೇ ಬರುತ್ತೆ. ಅದನ್ನು 'ಗುಕೇಶ್ ಆಗಲಿಲ್ಲ' ಅನ್ನೋ ಒಂದೇ ಮಾತಿನಲ್ಲಿ ಅಳೆಯೋದು ಅನ್ಯಾಯ. ಅವನು ನಿಧಾನವನ್ನೂ ಕಲಿತರೆ? ಆಗ ನನ್ನ ಆಫೀಸಿನ ಗೆಳೆಯರಿಗೆ ಊಟದ ಹೊತ್ತಿಗೆ ಬೇರೆ ವಿಷಯ ಹುಡುಕಬೇಕಾಗುತ್ತೆ.

ನಿಮ್ಮ ಮನೆಯಲ್ಲೂ ಫೋನಿನಲ್ಲಿ ಚೆಸ್ ಆಡೋ ಮಕ್ಕಳು ಇದ್ದಾರಾ? ನೀವು ಏನು ಮಾಡ್ತಿದ್ದೀರಿ? ವೇಗ ಮೊದಲಾ, ತಾಳ್ಮೆ ಮೊದಲಾ? ನನ್ನ ಲೆಕ್ಕ ತಪ್ಪು ಅನ್ಸಿದ್ರೆ ಜಗಳಕ್ಕೆ ಬನ್ನಿ, ನಿಧಾನವಾಗಿ ಯೋಚಿಸಿಯೇ ಉತ್ತರ ಕೊಡ್ತೀನಿ.